ಹಲ್ಲೂರಿನ ಸುರಂಗ

“ನಿಲ್ಸು, ನಿಲ್ಸು! ಅಮ್ಮಾ, ಸಿಕ್ಕಾಕ್ಕೊಂಡ್ತು!”

ಹಾಗೆ ಕೂಗಿದವಳು ಗಾರ್ಡಮ್ಮ, ನಿಲ್ಲಿಸಬೇಕಾಗಿದ್ದವಳೂ ಅವಳೇ. ಆಟದ ರೈಲು ಓಡಿಸುವ ಗುಂಡಿ ಅವಳ ಕೈಯಲ್ಲೇ ಇತ್ತು. ಆದರೆ ಗಾಬರಿಯಾದಾಗ ಅದೆಲ್ಲ ಯಾರಿಗೆ ನೆನಪಿರುತ್ತದೆ?

ಸುರಂಗದ ಒಳಗಿನಿಂದ ಕಿರ್ರ್ ಎಂದು ಸದ್ದು ಬರುತ್ತಿತ್ತು. ಎಂಜಿನ್ ಆ ಕಡೆಯಿಂದ ಮೂಗು ಹೊರಗೆ ಹಾಕಿತ್ತು. ಅದರ ಹಿಂದಿನ ಹೊಸ ಬೋಗಿ ಮಾತ್ರ ಬೆಟ್ಟದ ಹೊಟ್ಟೆಯಲ್ಲಿ ಹಟ ಹಿಡಿದು ಕೂತಿತ್ತು. ಎಂಜಿನ್ನಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗುತ್ತಿದ್ದವು.

“ಆಫ್ ಮಾಡೇ! ಮೋಟರ್ ಸುಟ್ಟುಹೋದೀತು!” ಎನ್ನುತ್ತಾ ಅಮ್ಮ ಮುಂದಿನ ಕೋಣೆಯಿಂದ ಓಡಿ ಬಂದಳು. ಅವಳ ಒಂದು ಕೈಯಲ್ಲಿ ಚಾಕು, ಇನ್ನೊಂದು ಕೈಯಲ್ಲಿ ಯಾರದೋ ಮೇಲಿನ ಸಾಲಿನ ಹಲ್ಲು.

ಹೆದರಬೇಡಿ, ಅಮ್ಮನ ಕೆಲಸವೇ ಅದು. ಹಲ್ಲಿನ ಡಾಕ್ಟರುಗಳು ಜನರ ಬಾಯಿಯ ಅಚ್ಚು ತೆಗೆದು ಅವಳಿಗೆ ಕಳಿಸುತ್ತಾರೆ. ಅವಳು ಆ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಗುಲಾಬಿ ಮೇಣದಲ್ಲಿ ವಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಿ ಹಲ್ಲಿನ ಸೆಟ್ ಮಾಡಿ ಕೊಡುತ್ತಾಳೆ. ಊರಿನ ಅರ್ಧ ಜನ ನಗುವುದು ನಿಮ್ಮಮ್ಮನ ದಯೆಯಿಂದ ಎಂದು ಅಪ್ಪ ಹೇಳುವುದುಂಟು. ಅಪ್ಪ ಬಸ್ ಕಂಡಕ್ಟರ್. ಅವನ ಮಾತಿನಲ್ಲಿ ಅರ್ಧ ಹಿಡಿದರೆ ಸಾಕು.

ಗಾರ್ಡಮ್ಮ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದಳು. ಬೋಗಿ ಕೊಸರಾಡಿಕೊಂಡು ಹಿಂದೆ ಹಿಂದೆ ಬಂದು ಹೊರಬಿತ್ತು. ಅದರ ಹಿಂಬದಿಯ ಮೂಲೆಯಲ್ಲಿ ಹಸಿರು ಬಣ್ಣ ಕಿತ್ತುಹೋಗಿತ್ತು. ಕಿಟಕಿಯ ಪಕ್ಕ ಕೂತಿದ್ದ ಮೇಣದ ಅಜ್ಜಿ ಪಕ್ಕದವನ ಮೇಲೆ ವಾಲಿಕೊಂಡಿದ್ದಳು.

“ಎಂಜಿನ್ ಹೋಗುತ್ತೆ, ಗೂಡ್ಸ್ ಡಬ್ಬಿ ಹೋಗುತ್ತೆ. ಇದು ಮಾತ್ರ ಯಾಕಮ್ಮಾ ಹೋಗಲ್ಲ?”

ಅಮ್ಮ ಹಲ್ಲನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡು ಬಗ್ಗಿ ನೋಡಿದಳು. ತುಟಿ ಕಚ್ಚಿಕೊಂಡಳು, ಅಷ್ಟೆ.

ಒಳಕೋಣೆಯಲ್ಲಿ ಎರಡು ಟ್ರಂಕುಗಳ ಮೇಲೆ ಒಂದು ಹಳೆಯ ಬಾಗಿಲನ್ನು ಅಡ್ಡ ಮಲಗಿಸಿದ್ದರು. ಆ ಬಾಗಿಲ ಮೇಲೆ ಇದ್ದದ್ದೇ ಹಲ್ಲೂರು.

ಹಲ್ಲೂರು ಯಾವ ಮ್ಯಾಪಿನಲ್ಲೂ ಇಲ್ಲ. ಅಮ್ಮ, ಅಕ್ಕ ಮತ್ತು ಗಾರ್ಡಮ್ಮ ಸೇರಿ ಅದನ್ನು ಕಟ್ಟಿದ್ದರು. ಕೆಲಸದಲ್ಲಿ ಉಳಿದ ಪ್ಲಾಸ್ಟರಿನಿಂದ ಬೆಟ್ಟ, ಮೇಣದಿಂದ ಮನುಷ್ಯರು. ಕೆಟ್ಟುಹೋದ ಹಲ್ಲುಗಳೆಲ್ಲ ಹಳಿಯ ಪಕ್ಕದ ಬಿಳಿ ಕಲ್ಲುಗಳಾಗಿದ್ದವು, ಊರಿನ ಹೆಸರು ಬಂದದ್ದೇ ಅದರಿಂದ. ಬಾಗಿಲಿನ ಬೀಗದ ತೂತು ಊರ ಬಾವಿ. ಒಡೆದ ಕನ್ನಡಿ ಚೂರು ಕೆರೆ. ಹಲ್ಲೂರಿನ ನಾಯಿ ಎಮ್ಮೆಗಿಂತ ದೊಡ್ಡದಾಗಿತ್ತು, ಏಕೆಂದರೆ ಅಳತೆ ಎಷ್ಟಿರಬೇಕು ಎಂದು ಗೊತ್ತಾಗುವ ಮೊದಲೇ ಅಕ್ಕ ಅದನ್ನು ಮಾಡಿ ಮುಗಿಸಿದ್ದಳು. ಬಿಸಿಲು ಜಾಸ್ತಿಯಾದ ದಿನ ಕಿಟಕಿ ಹಾಕದಿದ್ದರೆ ಸ್ಟೇಷನ್ ಮಾಸ್ಟರು ಮೆತ್ತಗಾಗಿ, ಬರುವ ಹೋಗುವವರಿಗೆಲ್ಲ ತಲೆ ಬಾಗಿಸುತ್ತಿದ್ದರು.

ಊರ ಸುತ್ತ ಪುಟ್ಟ ರೈಲಿನ ಹಳಿ ಓಡಿತ್ತು. ಅದು ನ್ಯಾರೋ ಗೇಜ್ ಹಳಿ. ದೊಡ್ಡ ರೈಲಿನ ಹಳಿಗಳು ದೂರ ದೂರ ಇರುತ್ತವೆ, ಇದರದ್ದು ಒತ್ತೊತ್ತಾಗಿ. ಬೆಟ್ಟದ ಮೂಲೆ ಮುಡುಕಿನಲ್ಲಿ ಬಳುಕಿಕೊಂಡು ಹೋಗಲು ಅಂಥ ರೈಲೇ ಸರಿ ಎಂದು ಅಕ್ಕ ಹೇಳಿದ್ದಳು.

ಗಾರ್ಡಮ್ಮ ಎಂದು ಹೆಸರಿಟ್ಟವಳೂ ಅಕ್ಕನೇ. ಆಗ ಇವಳು ಇನ್ನೂ ಚಿಕ್ಕವಳು. ಎಂಜಿನ್ ಮುಟ್ಟಲು ಬಿಡುವುದಿಲ್ಲ ಎಂದು ಒಂದೇ ಸಮ ಅಳುತ್ತಿದ್ದಾಗ ಅಕ್ಕ ಒಂದು ಪೆನ್ಸಿಲ್ಲಿಗೆ ಹಸಿರು ಬಟ್ಟೆ ಕಟ್ಟಿ ಕೈಗೆ ಕೊಟ್ಟಿದ್ದಳು. “ನೀನು ಬಾವುಟ ತೋರಿಸೋ ತನಕ ಹಲ್ಲೂರಲ್ಲಿ ಒಂದು ಇರುವೇನೂ ಅಲ್ಲಾಡಲ್ಲ, ಗೊತ್ತಾಯ್ತಾ?” ಅಳು ನಿಂತಿತು. ಹೆಸರು ನಿಂತುಬಿಟ್ಟಿತು.

ಹಲ್ಲೂರಿಗೆ ಹೋಗುವ ದಾರಿ ಗಾರ್ಡಮ್ಮನಿಗೆ ಚೆನ್ನಾಗಿ ಗೊತ್ತು. ಬಾಗಿಲ ಅಂಚಿಗೆ ಗಲ್ಲ ಊರಬೇಕು. ಒಂದು ಕಣ್ಣು ಮುಚ್ಚಬೇಕು. ಇನ್ನೊಂದನ್ನು ಅರ್ಧ ಮುಚ್ಚಬೇಕು. ಆಗ ಮೆಲ್ಲಗೆ ಟ್ರಂಕು ಮಾಯವಾಗುತ್ತದೆ, ಗೋಡೆ ಮಾಯವಾಗುತ್ತದೆ, ನಾಳೆಯ ಲೆಕ್ಕದ ಹೋಂವರ್ಕೂ ಮಾಯವಾಗುತ್ತದೆ. ಅವಳು ಗುಲಾಬಿ ಚಾವಣಿಯ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಾಳೆ. ಕೆರೆಯಲ್ಲಿ ಮೋಡದ ಬದಲು ಕೋಣೆಯ ಬಲ್ಬು ತೇಲುತ್ತಿರುತ್ತದೆ. ಎಮ್ಮೆಗಿಂತ ದೊಡ್ಡ ನಾಯಿ ರೈಲಿನ ಜೊತೆಜೊತೆಗೆ ಓಡಿಬರುತ್ತದೆ. ಬೆಟ್ಟದಲ್ಲಿ ಅಕ್ಕ ಬೆರಳಿನಿಂದ ಒತ್ತಿ ಒತ್ತಿ ಮಾಡಿದ ಮೆಟ್ಟಿಲು ಗದ್ದೆಗಳು ಹತ್ತಿರ ಹತ್ತಿರ ಬರುತ್ತವೆ. ಆಮೇಲೆ ಸುರಂಗ.

ಅಲ್ಲಿ ಮಾತ್ರ ಅವಳು ಕಣ್ಣು ಬಿಟ್ಟುಬಿಡುತ್ತಿದ್ದಳು. ಒಳಗೆ ಕತ್ತಲು. ಒಳಗೆ ಏನಿದೆ ಎಂದು ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಕನಸಿನಲ್ಲಿ ಕೂಡ ಹೇಗೆ ಹೋಗುವುದು?

ಕಳೆದ ವರ್ಷ ಅಕ್ಕ ನರ್ಸಿಂಗ್ ಓದಲು ಬೇರೆ ಊರಿನ ಹಾಸ್ಟೆಲ್ಲಿಗೆ ಹೊರಟುಹೋದಳು. ಅಕ್ಕ ಹೋದ ಮೇಲೆ ಗಾರ್ಡಮ್ಮ ಹಟ ಹಿಡಿದು ಒಂದು ಬೋಗಿ ಮಾಡಿದಳು. ಹಲ್ಲೂರಿನಲ್ಲಿ ಅದುವರೆಗೆ ಇದ್ದದ್ದು ಎಂಜಿನ್ನು ಮತ್ತು ಒಂದು ಗಿಡ್ಡ ಗೂಡ್ಸ್ ಡಬ್ಬಿ. ಜನ ಕೂರುವ ಬೋಗಿ ಇರಲೇ ಇಲ್ಲ. ಸ್ಟೇಷನ್ನಿನಲ್ಲಿ ಪಾಪ ಅವರು ವರ್ಷಗಟ್ಟಲೆ ನಿಂತೇ ಇದ್ದರು.

ರಟ್ಟು ಕತ್ತರಿಸಿ, ಕಿಟಕಿ ಕೊರೆದು, ಸೀಟು ಅಂಟಿಸಿ, ಹಸಿರು ಬಣ್ಣ ಹೊಡೆದಳು. ಎಲ್ಲರಿಗೂ ಜಾಗ ಬೇಕಲ್ಲ? ಅಜ್ಜಿಗೆ, ಅಂಗಡಿಯವನಿಗೆ, ಟೀಚರಿಗೆ, ಕಿಟಕಿ ಸೀಟೇ ಬೇಕು ಎನ್ನುವ ಇಬ್ಬರು ಹುಡುಗರಿಗೆ. ಹಾಗಾಗಿ ಬೋಗಿ ಉದ್ದವಾಯಿತು. ಅದರ ಚಕ್ರಕ್ಕೆ ಅಪ್ಪನ ಅಂಗಿಯ ಗುಂಡಿಗಳು ಹೋದವು. ಅಪ್ಪ ಒಂದು ದಿನ ಎದೆ ತೋರಿಸಿಕೊಂಡೇ ಡ್ಯೂಟಿಗೆ ಹೋಗಬೇಕಾಗಿ ಬಂದಿತ್ತು.

ಇಷ್ಟೆಲ್ಲ ಆದ ಮೇಲೆ ಬೋಗಿ ಸುರಂಗದಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ಉರಿಯುವುದಿಲ್ಲವೇ?

ಸಂಜೆ ಅಪ್ಪ ಬಂದು, ಚೀಲ ಕೆಳಗಿಡುವ ಮೊದಲೇ ಬಗ್ಗಿ ನೋಡಿದ.

“ನಮ್ಮ ಬಸ್ಸಿನದ್ದೇ ಕತೆ,” ಎಂದ. “ಉದ್ದ ಬಸ್ಸು ಮೂಲೇಲಿ ತಿರುಗಿದ್ರೆ ಹಿಂದಿನ ಭಾಗ ಹೊರಗೆ ಬೀಸುತ್ತೆ. ಗೋಡೆ ಪಕ್ಕ ನಿಂತ ಸೈಕಲ್ ಎಲ್ಲ ಚಪಾತಿ. ಸುರಂಗದ ಒಳಗೆ ತಿರುವು ಇದೆಯಲ್ಲ, ನಿನ್ನ ಬೋಗಿ ಹಿಂಭಾಗ ಅಲ್ಲಿ ಬೀಸಿ ಗೋಡೆಗೆ ಉಜ್ಜುತ್ತೆ.”

“ಅಮ್ಮ ಸುರಂಗಾನ ಅಷ್ಟು ಚಿಕ್ಕದು ಯಾಕೆ ಮಾಡಿದ್ಳು?”

ಅಮ್ಮನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. “ಚಿಕ್ಕದಲ್ಲ ಕಣೆ, ಸರಿಯಾಗಿ ಕೂರೋ ಹಾಗೆ ಮಾಡಿದ್ದೆ. ಎಂಜಿನ್ನಿಗೆ ಮೇಣ ಸುತ್ತಿ ಅಚ್ಚು ತೆಗೆದು, ಆ ಅಚ್ಚಿಗೇ ಸುರಂಗ ಹೊಯ್ದಿದ್ದು. ಹಲ್ಲಿನ ಸೆಟ್ ಅಲುಗಾಡಿದ್ರೆ ಜನ ನನ್ನ ಬೈತಾರೆ. ಅದೇ ರೂಢಿ. ಬಾಯಿ ಓಡಾಡಲ್ಲ, ರೈಲು ಓಡಾಡುತ್ತೆ ಅನ್ನೋದು ಆಗ ತಲೇಗೇ ಬರಲಿಲ್ಲ.”

“ಯಾರ ಬಾಯಿ ಓಡಾಡಲ್ಲ?” ಎಂದ ಅಪ್ಪ. “ನನ್ನ ಬಸ್ಸಿಗೆ ಬಾ, ತೋರಿಸ್ತೀನಿ.”

ಅಮ್ಮ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಟ್ಟವನ್ನು ಬುಡದಲ್ಲಿ ಕುಯ್ದು ಮೇಲೆತ್ತಬೇಕು, ಒಳಗಿನ ಗೋಡೆಯನ್ನು ಕೆರೆಯಬೇಕು, ಆಮೇಲೆ ಮತ್ತೆ ಅಂಟಿಸಬೇಕು. “ಅರ್ಧ ದಿನದ ಕೆಲಸ, ಅಷ್ಟೆ.”

“ಬೇಡ!” ಗಾರ್ಡಮ್ಮ ಎರಡೂ ಕೈಯಿಂದ ಬೆಟ್ಟವನ್ನು ತಬ್ಬಿಕೊಂಡಳು. “ಬೆಟ್ಟ ಅಕ್ಕ ಮಾಡಿದ್ದು. ರೂಲ್ ಮರೆತುಹೋಯ್ತಾ?”

ಹಲ್ಲೂರಿಗೆ ಒಂದೇ ಒಂದು ರೂಲ್ ಇತ್ತು. ಯಾವ ವಸ್ತುವನ್ನು ಯಾರು ಮಾಡಿದ್ದಾರೋ ಅವರನ್ನು ಕೇಳದೆ ಬೇರೆಯವರು ಅದನ್ನು ಬದಲಾಯಿಸುವ ಹಾಗಿಲ್ಲ. ಆ ರೂಲಿನಿಂದಾಗಿಯೇ ನಾಯಿ ಇನ್ನೂ ಎಮ್ಮೆಗಿಂತ ದೊಡ್ಡದಾಗಿ ಉಳಿದಿತ್ತು.

“ಸರಿ ಮಹಾರಾಯ್ತಿ, ಫೋನ್ ಮಾಡಿ ಕೇಳು ಹಾಗಾದ್ರೆ.”

ಗಾರ್ಡಮ್ಮ ಬೆಟ್ಟವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು.

ಮೊದಮೊದಲು ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. ನಾಯಿ ಹೇಗಿದೆ, ಸ್ಟೇಷನ್ ಮಾಸ್ಟರು ಬಾಗಿದರಾ, ಎಲ್ಲ ಕೇಳುತ್ತಿದ್ದಳು. ಈಗೀಗ ಫೋನ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಡ್ಯೂಟಿ, ವಾರ್ಡು, ಪರೀಕ್ಷೆ ಎಂದು ಅಮ್ಮನ ಜೊತೆಗೇ ಮಾತು. ಗಾರ್ಡಮ್ಮ ಫೋನ್ ಕಿತ್ತುಕೊಂಡು ಹಲ್ಲೂರಿನ ಸುದ್ದಿ ಶುರು ಮಾಡುವಷ್ಟರಲ್ಲಿ, “ಆಮೇಲೆ ಮಾಡ್ತೀನಿ ಕಣೆ, ಸಿಸ್ಟರ್ ಕರೀತಿದ್ದಾರೆ” ಎನ್ನುತ್ತಿದ್ದಳು.

ಕೇಳಿದರೆ ಅಕ್ಕ ‘ಬೇಡ’ ಎಂದಾಳೆಂಬ ಭಯ ಗಾರ್ಡಮ್ಮನಿಗೆ ಇರಲಿಲ್ಲ. ‘ಆಯ್ತು, ಕುಯ್ದುಬಿಡು’ ಎಂದುಬಿಟ್ಟರೆ? ಅಷ್ಟು ಸುಲಭವಾಗಿ, ಯಾರದೋ ಬೆಟ್ಟ ಎನ್ನುವ ಹಾಗೆ ಹೇಳಿಬಿಟ್ಟರೆ? ಅವಳ ಭಯ ಅದು.

ಹಾಗಾದರೆ ಬೋಗಿಯನ್ನೇ ಗಿಡ್ಡ ಮಾಡಬೇಕು. ಬೋಗಿ ತನ್ನದು, ಯಾರನ್ನೂ ಕೇಳಬೇಕಾಗಿಲ್ಲ.

ಮರುದಿನ ಸ್ಕೂಲಿನಿಂದ ಬಂದವಳೇ ಕತ್ತರಿ ಹಿಡಿದು ಕೂತಳು. ಹಿಂದಿನ ಎರಡು ಸೀಟು ತೆಗೆದರೆ ಸಾಕು ಎಂದು ಅಪ್ಪ ಹೇಳಿದ್ದ. ಹಿಂದಿನ ಸೀಟಿನಲ್ಲಿ ಕೂತಿದ್ದವರು ಅಜ್ಜಿ, ಟೀಚರು ಮತ್ತು ಕಿಟಕಿ ಹುಡುಗರಲ್ಲಿ ಒಬ್ಬ. ಗಾರ್ಡಮ್ಮ ಕತ್ತರಿಯನ್ನು ಅಜ್ಜಿಯ ಹತ್ತಿರ ತಂದಳು. ಅಜ್ಜಿ ಕಿಟಕಿಯಿಂದ ಹೊರಗೆ ನೋಡುತ್ತಾ ಸುಮ್ಮನೆ ಕೂತಿದ್ದಳು. ಈಗ ಹೊರಡುತ್ತದೆ, ಇನ್ನೇನು ಹೊರಡುತ್ತದೆ ಎನ್ನುವ ಮುಖ.

“ಅಪ್ಪಾ, ಬಸ್ಸು ತುಂಬಿಹೋದ್ರೆ ನೀನು ಹತ್ತಿದವರನ್ನ ಇಳಿಸ್ತೀಯಾ?”

“ಹತ್ತಿಸ್ಕೊಂಡ ಮೇಲೆ ಇಳಿಸೋದಾ? ಒಳಗೆ ನಡೀರಿ, ಒಳಗೆ ನಡೀರಿ ಅಂತ ಕೂಗ್ತೀನಿ. ಅದು ಹೇಗೋ ಜಾಗ ಆಗೇ ಆಗುತ್ತೆ.”

ಗಾರ್ಡಮ್ಮ ಕತ್ತರಿ ಕೆಳಗಿಟ್ಟಳು. ಅಜ್ಜಿಯನ್ನು ನೇರ ಕೂರಿಸಿದಳು. ಬೋಗಿಯನ್ನು ಸ್ಟೇಷನ್ನಿನ ಮುಂದೆ ನಿಲ್ಲಿಸಿ, ಬಾವುಟವನ್ನು ಬಾವಿಯ ತೂತಿಗೆ ಸಿಕ್ಕಿಸಿದಳು. ಆಮೇಲೆ ಎಷ್ಟೋ ದಿನ ಹಲ್ಲೂರಿನಲ್ಲಿ ರೈಲು ಓಡಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅಕ್ಕ ಬಂದಳು. ಒಂದೇ ರಾತ್ರಿ ಇರುವುದು, ಭಾನುವಾರ ಸಂಜೆಯ ಬಸ್ಸಿಗೆ ವಾಪಸ್.

ಗಾರ್ಡಮ್ಮ ಬಾಗಿಲ ತನಕ ಓಡಿದವಳು ಅಲ್ಲೇ ನಿಂತುಬಿಟ್ಟಳು. ಅಕ್ಕನ ಉದ್ದ ಜಡೆ ಇರಲಿಲ್ಲ. ಕೂದಲು ಕುತ್ತಿಗೆಯ ತನಕ ಬಂದು ನಿಂತಿತ್ತು.

“ಕ್ಯಾಪ್ ಒಳಗೆ ಕೂರಲ್ಲ ಅಂತ ಕತ್ತರಿಸ್ಕೊಂಡೆ. ಹೇಗಿದೆ?”

“ಚೆನ್ನಾಗಿಲ್ಲ,” ಎಂದಳು ಗಾರ್ಡಮ್ಮ. ನಿಜವಾಗಿ ಚೆನ್ನಾಗಿಯೇ ಇತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂದಿತು.

ಅಕ್ಕ ಊಟ ಮಾಡಿದಳು, ಮಲಗಿದಳು. ಸಂಜೆ ಎದ್ದು ಅಮ್ಮನ ಜೊತೆ ಮಾತಾಡಿದಳು, ಮತ್ತೆ ಮಲಗಿದಳು. ವಾರ್ಡಿನಲ್ಲಿ ನಿಂತು ನಿಂತು ಅವಳ ಪಾದ ಊದಿಕೊಂಡಿತ್ತು. ಗಾರ್ಡಮ್ಮ ನಾಲ್ಕಾರು ಸಲ ಹಾಸಿಗೆಯ ಹತ್ತಿರ ಹೋಗಿ ಬೇಕೆಂದೇ ಕೆಮ್ಮಿದಳು. ಕೆಮ್ಮು ನಿಜವಾಗಿಯೂ ಬಂದುಬಿಟ್ಟಿತು, ಅಕ್ಕ ಮಾತ್ರ ಏಳಲಿಲ್ಲ.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಅಕ್ಕ ತಾನಾಗಿಯೇ ಒಳಕೋಣೆಗೆ ಬಂದಳು. “ಅಯ್ಯೋ, ಬೋಗಿ! ಯಾರು ಮಾಡಿದ್ದು? ನೀನಾ? ಒಬ್ಬಳೇನಾ?”

ಗಾರ್ಡಮ್ಮನಿಗೆ ಒಳಗೊಳಗೇ ಖುಷಿ ಉಕ್ಕಿತು. “ಹ್ಞೂಂ. ಆದ್ರೆ ಸುರಂಗದಲ್ಲಿ ಹೋಗಲ್ಲ.” ಅಚ್ಚಿನ ಕತೆ, ಬಸ್ಸಿನ ಕತೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ಅಕ್ಕ ಬಾಯಿ ಮುಕ್ಕಳಿಸಿ ಬಂದು, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಹೇಳಿದಳು: “ಅಷ್ಟೇ ತಾನೆ? ಬೆಟ್ಟ ಕುಯ್ದುಬಿಡೋಣ.”

ಅದೇ ಮಾತು! ಗಾರ್ಡಮ್ಮ ಹೆದರಿದ್ದ ಅದೇ ಮಾತು, ಅಷ್ಟೇ ಸುಲಭವಾಗಿ, ಟವೆಲಿನ ಹಿಂದಿನಿಂದ!

“ನಿನಗೇನು!” ಅವಳ ದನಿ ಕೀರಲಾಯಿತು. “ನೀನು ಇಲ್ಲಿ ಇರೋದೇ ಇಲ್ಲ. ನಾನು ಒಬ್ಬಳೇ ಎಲ್ಲಾ ನೋಡ್ಕೊಂಡೆ. ಯಾರಿಗೂ ಮುಟ್ಟೋಕೆ ಬಿಡಲಿಲ್ಲ. ಧೂಳು ಕೂಡ ಊದಿ ಊದಿ ತೆಗ್ದೆ. ನೀನು ಕುಯ್ದುಬಿಡೋಣ ಅಂತೀಯ!”

ಅಷ್ಟು ಹೇಳಿ ಟ್ರಂಕುಗಳ ನಡುವೆ, ಹಲ್ಲೂರಿನ ಕೆಳಗೆ ನುಸುಳಿ ಕೂತಳು. ಅಲ್ಲಿ ಅತ್ತರೆ ಯಾರಿಗೂ ಕಾಣುವುದಿಲ್ಲ ಎಂದು ಅವಳ ಲೆಕ್ಕ. ಮೂಗು ಎಳೆದುಕೊಳ್ಳುವ ಸದ್ದು ಮಾತ್ರ ಮನೆಗೆಲ್ಲ ಕೇಳುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅಕ್ಕನೂ ಬಗ್ಗಿ, ತಲೆಯನ್ನು ಬಾಗಿಲಿಗೆ ಬಡಿದುಕೊಂಡು, “ಅಮ್ಮಾ!” ಎಂದು ನರಳಿ, ಪಕ್ಕದಲ್ಲಿ ಬಂದು ಕೂತಳು. ಇಬ್ಬರಿಗೂ ಅಲ್ಲಿ ಜಾಗ ಸಾಲುತ್ತಿರಲಿಲ್ಲ. ಮೊದಲು ಸಾಲುತ್ತಿತ್ತು.

“ನಿನಗೆ ಒಂದು ತೋರಿಸ್ಬೇಕು,” ಎಂದಳು ಅಕ್ಕ. “ತೋರಿಸ್ಬೇಕು ಅಂದ್ರೆ ಬೆಟ್ಟ ಎತ್ತಲೇಬೇಕು.”

“ಏನು?”

“ಹೇಳಲ್ಲ.”

“ಸುಳ್ಳು.”

“ಸುಳ್ಳಾದ್ರೆ ನಾಯೀನ ಇಲಿಯಷ್ಟು ಮಾಡ್ಕೊಡ್ತೀನಿ. ಸರೀನಾ?”

ನಾಯಿಯ ಮೇಲೆ ಅಕ್ಕ ಎಂದೂ ಹಾಗೆ ಮಾತು ಕೊಟ್ಟವಳಲ್ಲ. ಗಾರ್ಡಮ್ಮ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು.

ಅಮ್ಮ ಪ್ಲಾಸ್ಟರ್ ಕುಯ್ಯುವ ತೆಳು ಗರಗಸ ತಂದಳು. ಬೆಟ್ಟದ ಬುಡಕ್ಕೆ ನೀರು ಚಿಮುಕಿಸಿದಳು, ಒದ್ದೆಯಾದರೆ ಪ್ಲಾಸ್ಟರು ಸಿಡಿಯುವುದಿಲ್ಲ. ಗರಗಸ ಸರಸರ ಎಂದು ಸುತ್ತ ಬಂದಿತು. ಗಾರ್ಡಮ್ಮ ಕಣ್ಣು ಮುಚ್ಚಿಕೊಂಡಿದ್ದಳು, ಬೆರಳ ಸಂದಿಯಿಂದ ನೋಡುತ್ತಲೂ ಇದ್ದಳು.

“ಒಂದು, ಎರಡು, ಹೂಂ!” ಅಮ್ಮ ಮತ್ತು ಅಕ್ಕ ಬೆಟ್ಟವನ್ನು ಎತ್ತಿ, ಹುಷಾರಾಗಿ ತಿರುಗಿಸಿ, ದಿಂಬಿನ ಮೇಲೆ ಬೋರಲು ಹಾಕಿದರು.

ಬೆಟ್ಟದ ಹೊಟ್ಟೆಯಲ್ಲಿ ತಂತಿ ಬಲೆ ಇತ್ತು, ಮುದ್ದೆ ಮಾಡಿದ ಪೇಪರು ಇತ್ತು. ನಡುವೆ ಸುರಂಗ ಕಾಲುವೆಯ ಹಾಗೆ ಬಾಯಿ ತೆರೆದು ಮಲಗಿತ್ತು. ಗಾರ್ಡಮ್ಮ ಬಗ್ಗಿದಳು.

ಸುರಂಗದ ಚಾವಣಿ ಕಪ್ಪಗಿರಲಿಲ್ಲ. ಕಡುನೀಲಿ ಬಣ್ಣ ಬಳಿದಿತ್ತು. ಅದರ ತುಂಬಾ ಸೂಜಿಮೊನೆಯಷ್ಟು ಚಿಕ್ಕ ಬಿಳಿ ಚುಕ್ಕೆಗಳು. ಒಂದು ಕಡೆ ಅರ್ಧ ಚಂದ್ರ. ನಕ್ಷತ್ರಗಳು ಈ ಬಾಯಿಯಿಂದ ಆ ಬಾಯಿಯ ತನಕ ಹೋಗಿದ್ದವು.

ತಿರುವಿನ ಹತ್ತಿರ, ಗೋಡೆಯ ಮೇಲೆ ಒಬ್ಬಳು ಹುಡುಗಿ ನಿಂತಿದ್ದಳು. ಎರಡು ಪುಟ್ಟ ಜುಟ್ಟು, ಕೆಂಪು ಫ್ರಾಕು. ಕೈಯಲ್ಲಿ ಹಸಿರು ಬಾವುಟ.

“ಇದು... ನಾನಾ?”

“ಮತ್ತಿನ್ಯಾರು? ‘ಸುರಂಗದಲ್ಲಿ ಕತ್ತಲು ಅಲ್ವಾ, ಜನ ಹೆದರಲ್ವಾ’ ಅಂತ ನನ್ನ ತಲೆ ತಿಂದಿದ್ದೆ. ಅದಕ್ಕೆ ನೀನು ಸ್ಕೂಲಿಗೆ ಹೋದಾಗ ಕೂತು ಬರೆದೆ. ಗಾರ್ಡ್ ಇದ್ರೆ ಯಾರೂ ಹೆದರಲ್ಲ.”

“ನನಗೆ ಹೇಳಲೇ ಇಲ್ಲ! ಬೆಟ್ಟ ಮುಚ್ಚಿದ ಮೇಲೆ ಯಾರಿಗೂ ಕಾಣಲ್ವಲ್ಲ?”

“ರೈಲಲ್ಲಿ ಕೂತವರಿಗೆ ಕಾಣುತ್ತೆ,” ಎಂದಳು ಅಕ್ಕ.

ಅಮ್ಮ ಕನ್ನಡಕ ಏರಿಸಿಕೊಂಡು ಇನ್ನೂ ಹತ್ತಿರದಿಂದ ನೋಡಿದಳು. ಹುಡುಗಿಯ ಕೆಂಪು ಫ್ರಾಕಿನ ಮೇಲೆ ಅಡ್ಡಲಾಗಿ ಒಂದು ಹಸಿರು ಗೆರೆ ಎಳೆದಂತಿತ್ತು. ಬೋಗಿಯ ಮೂಲೆ ಉಜ್ಜಿದ ಗುರುತು. ಚಾವಣಿಯಲ್ಲಿ ತೊಂದರೆಯೇನೂ ಇರಲಿಲ್ಲ. ಕೆರೆಯಬೇಕಾದ ಜಾಗ ಅದೊಂದೇ, ಸರಿಯಾಗಿ ಅಲ್ಲೇ.

ಅಕ್ಕ ಆ ಹಸಿರು ಗೆರೆಯನ್ನು ಬೆರಳಿನಿಂದ ಉಜ್ಜಿ ನೋಡಿದಳು.

“ಹಳೀನೇ ಸ್ವಲ್ಪ ಆಚೆ ಸರಿಸೋಕಾಗುತ್ತಾ ನೋಡೋಣ,” ಎಂದಳು ಅಮ್ಮ, ಆಗುವುದಿಲ್ಲ ಎಂದು ಗೊತ್ತಿದ್ದೂ.

ರೂಲಿನ ಪ್ರಕಾರ ಅಕ್ಕನೇ ಕೆರೆಯಬೇಕು. ಅಕ್ಕ ಅಮ್ಮನ ಚಾಕು ತೆಗೆದುಕೊಂಡಳು. ಅದರ ಮೊನೆಯನ್ನು ಗೋಡೆಗೆ ತಾಗಿಸಿದಳು. ಮತ್ತೆ ತೆಗೆದಳು. ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಮತ್ತೆ ತಾಗಿಸಿದಳು. ಅವಳ ಕೈ ಮುಂದಕ್ಕೆ ಹೋಗಲಿಲ್ಲ.

ಗಾರ್ಡಮ್ಮ ಆ ಕೈಯನ್ನೇ ನೋಡುತ್ತಿದ್ದಳು. ಕುಯ್ದುಬಿಡೋಣ ಎಂದಷ್ಟು ಸುಲಭವಾಗಿ ಆ ಕೈ ಕೆರೆಯುತ್ತಿರಲಿಲ್ಲ.

“ಕೊಡು ಇಲ್ಲಿ,” ಎಂದಳು.

“ಏಯ್, ಕೈ ಕುಯ್ಕೊಂಡೀಯ.”

“ಈ ಹುಡುಗಿ ನಾನೇ ತಾನೆ? ಹಾಗಾದ್ರೆ ನಾನೇ ಕೆರೀತೀನಿ. ನಾನೀಗ ಜುಟ್ಟು ಹಾಕ್ಕೊಳ್ಳಲ್ಲ. ಇಷ್ಟು ಗಿಡ್ಡಾನೂ ಇಲ್ಲ.”

ಅಕ್ಕ ಅವಳ ಮುಖ ನೋಡಿದಳು. ಆಮೇಲೆ ಚಾಕುವನ್ನು ಹಿಡಿಯ ಕಡೆಯಿಂದ ಅವಳ ಕೈಗೆ ಕೊಟ್ಟಳು.

ಪ್ಲಾಸ್ಟರು ಒದ್ದೆಯಾಗಿತ್ತು, ಮೆತ್ತಗೆ ಬಂದಿತು. ಮೊದಲು ಫ್ರಾಕು ಹೋಯಿತು, ಆಮೇಲೆ ಜುಟ್ಟು. ಬಾವುಟವನ್ನು ಕೊನೆಗೆ ಉಳಿಸಿದ್ದಳು, ಅದೂ ಹೋಯಿತು. ಕೆಂಪು, ಹಸಿರು, ಬಿಳಿಯ ಪುಡಿ ದಿಂಬಿನ ಮೇಲೆ ಉದುರಿತು. ಗಾರ್ಡಮ್ಮನಿಗೆ ಅಳು ಬರುತ್ತದೆ ಎಂದು ಅಮ್ಮ ಕಾದಳು. ಬರಲಿಲ್ಲ. ಅವಳ ನಾಲಿಗೆ ಬಾಯಿಯಿಂದ ಹೊರಗೆ ಬಂದಿತ್ತು, ಗಮನವಿಟ್ಟು ಕೆಲಸ ಮಾಡುವಾಗ ಅಮ್ಮನ ನಾಲಿಗೆಯೂ ಹಾಗೇ ಬರುತ್ತದೆ.

“ಸಾಕು, ಸಾಕು. ಇನ್ನು ಕೆರೆದ್ರೆ ಬೆಟ್ಟಕ್ಕೆ ಕಿಟಕಿ ಆಗುತ್ತೆ,” ಎಂದಳು ಅಮ್ಮ. ಬೋಗಿಯನ್ನು ಕೈಯಲ್ಲೇ ಹಿಡಿದು ತಿರುವಿನಲ್ಲಿ ಜಾರಿಸಿ ನೋಡಿದರು. ಎಲ್ಲೂ ತಾಗಲಿಲ್ಲ.

ಮಧ್ಯಾಹ್ನ ಅಕ್ಕ ಬ್ಯಾಗ್ ತುಂಬಲು ಹೋದಳು. ಅಮ್ಮ ಬೆಟ್ಟ ಅಂಟಿಸಲು ಹೊಸ ಪ್ಲಾಸ್ಟರ್ ಕಲಸಲು ಹೋದಳು. ಒಳಕೋಣೆಯಲ್ಲಿ ಗಾರ್ಡಮ್ಮ ಮತ್ತು ಬೋರಲು ಬಿದ್ದ ಬೆಟ್ಟ, ಇಬ್ಬರೇ. ಕೆರೆದ ಜಾಗ ಬೆಳ್ಳಗೆ, ಖಾಲಿಯಾಗಿ ಕಾಣುತ್ತಿತ್ತು.

ಅವಳು ಪೇಂಟ್ ಡಬ್ಬಿ ತೆಗೆದಳು.

“ಏನ್ ಮಾಡ್ತಿದ್ದೀಯೇ ಅಲ್ಲಿ? ಸದ್ದೇ ಇಲ್ಲ!” ಆಚೆಯಿಂದ ಅಕ್ಕ ಕೂಗಿದಳು.

“ಏನಿಲ್ಲ!” ಎಂದಳು ಗಾರ್ಡಮ್ಮ, ಕುಂಚಕ್ಕೆ ಕಪ್ಪು ಬಣ್ಣ ಅದ್ದಿಕೊಳ್ಳುತ್ತಾ.

ಬೆಟ್ಟ ಅಂಟಿತು. ಪ್ಲಾಸ್ಟರು ಒಣಗದೆ ರೈಲು ಓಡಿಸಬಾರದು ಎಂದು ಅಮ್ಮ ಕಟ್ಟುನಿಟ್ಟು ಮಾಡಿದಳು. ಸಂಜೆಯಾದರೂ ಅದು ಒಣಗಲಿಲ್ಲ. ಬಸ್ಸು ಕಾಯುವುದಿಲ್ಲ. ಅಕ್ಕ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, “ನೋಡೋಕೆ ಆಗಲೇ ಇಲ್ವಲ್ಲೇ ಗಾರ್ಡಮ್ಮ” ಎಂದಳು. ಅವಳ ಮುಖ ಸಪ್ಪಗಾಗಿತ್ತು.

“ಮುಂದಿನ ಸಲ,” ಎಂದಳು ಗಾರ್ಡಮ್ಮ. “ಕೂದಲು ಚೆನ್ನಾಗಿದೆ.”

ಸೋಮವಾರ ಸ್ಕೂಲಿನಿಂದ ಬಂದು, ಕೈಕಾಲು ತೊಳೆಯದೆ, ಬೈಸಿಕೊಂಡು, ತೊಳೆದುಕೊಂಡು, ಅವಳು ಬೆಟ್ಟವನ್ನು ಬೆರಳಿನಿಂದ ಬಡಿದು ನೋಡಿದಳು. ಟಕ್ ಟಕ್ ಎಂದಿತು. ಒಣಗಿತ್ತು. ಬಾವಿಯಿಂದ ಬಾವುಟ ಕಿತ್ತಳು.

“ರೈಟ್, ರೈಟ್!” ಅಪ್ಪ ಬಾಗಿಲಲ್ಲಿ ನಿಂತು ಕೂಗಿದ.

ರೈಲು ಹೊರಟಿತು. ಬೆಟ್ಟದ ಈ ಕಡೆಯಿಂದ ಒಳಗೆ ಹೋಯಿತು, ಆ ಕಡೆಯಿಂದ ಹೊರಗೆ ಬಂದಿತು. ಬೋಗಿ ಅಲುಗಾಡಿಕೊಂಡು, ಬಾಲ ಬೀಸಿಕೊಂಡು, ಅಜ್ಜಿ ಟೀಚರು ಎಲ್ಲರನ್ನೂ ಹೊತ್ತುಕೊಂಡು ಹಿಂದೆಯೇ ಬಂದಿತು. ಅಪ್ಪ ಚಪ್ಪಾಳೆ ತಟ್ಟಿದ. ಅಮ್ಮ ಯಾರದೋ ಕೆಳಸಾಲಿನ ಹಲ್ಲು ಹಿಡಿದುಕೊಂಡೇ ನಕ್ಕಳು.

“ಅಕ್ಕನಿಗೆ ಫೋನ್ ಮಾಡಿ ಹೇಳ್ತೀಯಾ?”

ಗಾರ್ಡಮ್ಮ ಗಡಿಯಾರ ನೋಡಿದಳು. “ಈಗ ಅವಳಿಗೆ ಡ್ಯೂಟಿ ಅಮ್ಮ. ಬಿಡುವಾದಾಗ ಅವಳೇ ಮಾಡ್ತಾಳೆ.”

ಅಮ್ಮ ಮತ್ತು ಅಪ್ಪ ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಚೆ ಹೋದರು.

ಗಾರ್ಡಮ್ಮ ಬಾಗಿಲ ಅಂಚಿಗೆ ಗಲ್ಲ ಊರಿದಳು. ಒಂದು ಕಣ್ಣು ಮುಚ್ಚಿದಳು, ಇನ್ನೊಂದನ್ನು ಅರ್ಧ ಮುಚ್ಚಿದಳು. ಟ್ರಂಕು ಹೋಯಿತು, ಗೋಡೆ ಹೋಯಿತು. ಗುಲಾಬಿ ಸ್ಟೇಷನ್ನು ಹಿಂದೆ ಸರಿಯಿತು. ಕೆರೆಯಲ್ಲಿ ಬಲ್ಬು ತೇಲಿತು. ನಾಯಿ ಜೊತೆಗೆ ಓಡಿಬಂದು, ಸುಸ್ತಾಗಿ ನಿಂತಿತು. ಬೆರಳಿನ ಗುರುತಿನ ಗದ್ದೆಗಳು ಹತ್ತಿರ ಬಂದವು. ಆಮೇಲೆ ಸುರಂಗ.

ಈ ಸಲ ಅವಳು ಕಣ್ಣು ಬಿಡಲಿಲ್ಲ.

ಒಳಗೆ ಚಕ್ರದ ಸದ್ದು ದಪ್ಪಗಾಯಿತು. ತಲೆಯ ಮೇಲೆ ನಕ್ಷತ್ರಗಳು ಸಾಲಾಗಿ ಸರಿದವು. ಪಕ್ಕದಲ್ಲಿ ಅಜ್ಜಿ ಕತ್ತು ಎತ್ತಿ ನೋಡುತ್ತಿದ್ದಳು. ತಿರುವು ಬಂದಿತು. ಅಲ್ಲಿ ಗೋಡೆಗೆ ಒರಗಿ, ಕುತ್ತಿಗೆಯ ತನಕ ಕೂದಲಿನ ಒಬ್ಬ ದೊಡ್ಡ ಹುಡುಗಿ ಬಾವುಟ ಹಿಡಿದು ನಿಂತಿದ್ದಳು. ಅವಳ ಪಾದ ಊದಿಕೊಂಡಿತ್ತು. ಆದರೂ ನಿಂತಿದ್ದಳು.

ಗಾರ್ಡಮ್ಮ ಕಿಟಕಿಯಿಂದ ಕೈ ಬೀಸಿದಳು. ರೈಲು ಬೆಳಕಿಗೆ ಬಂದಿತು.